ಸಪ್ಪಳದ ಕೀಬೋರ್ಡು

ಕಂಪ್ಯೂಟರು ಚಾಲೂ ಇದೆಯೋ ಬಂದ್ ಆಗಿದೆಯೋ ಎಂದು ಹತ್ತಿರ ಹೋಗಿ ಕಿವಿಯಿಟ್ಟು ನೋಡಬೇಕು, ಅಷ್ಟು ಸದ್ದಿಲ್ಲದ್ದನ್ನು ಕಟ್ಟಿಕೊಡಬೇಕು ಎಂಬುದು ನನ್ನ ಹಟ. ಬನಹಟ್ಟಿಯಂಥ ಊರಿನಲ್ಲಿ ಇದು ಹುಚ್ಚು ಹಟವೇ ಸರಿ. ನನ್ನ ಅಂಗಡಿಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಪವರ್‌ಲೂಮಿನ ಶೆಡ್ಡು ಇದೆ. ಬೆಳಗಿನಿಂದ ಖಟಕ್ ಖಟಕ್ ಎಂದು ಹೊಡೆಯುವ ಮಗ್ಗಗಳ ನಡುವೆ ಕಂಪ್ಯೂಟರಿನ ಫ್ಯಾನು ಯಾರಿಗೆ ಕೇಳುತ್ತದೆ? ಆದರೆ ನಾನು ಹುಟ್ಟಿದ್ದೇ ಮಗ್ಗದ ಮನೆಯಲ್ಲಿ. ತೊಟ್ಟಿಲಲ್ಲಿದ್ದಾಗಿನಿಂದ ಆ ಸದ್ದು ಕೇಳಿ ಕೇಳಿ ಕಿವಿ ಸಾಕಾಗಿ ಹೋಗಿತ್ತು. ನನ್ನ ಕೈಯಿಂದ ಲೋಕಕ್ಕೆ ಇನ್ನೊಂದು ಸದ್ದು ಸೇರುವುದು ಬೇಡ ಎಂದುಕೊಂಡವಳು ನಾನು. ಅಂಗಡಿಗೆ ಬಂದು ಯಜಮಾನರು ಇಲ್ಲವೇ ಎಂದು ಕೇಳುವ ಗಿರಾಕಿಗಳಿಗೆ, ಯಜಮಾನರೂ ನಾನೇ, ಸ್ಕ್ರೂಡ್ರೈವರ್ ಹಿಡಿಯುವವಳೂ ನಾನೇ ಎಂದು ಹೇಳಿ ಹೇಳಿ ಬಾಯಿ ಬೇರೆ ಸಾಕಾಗಿತ್ತು.

ರಬಕವಿಯಿಂದ ಆ ಕಾಕು ಬಂದದ್ದು ಯುಗಾದಿ ಮುಗಿದ ಮೇಲಿನ ಉರಿಬಿಸಿಲಿನಲ್ಲಿ. ಅರವತ್ತು ದಾಟಿದ ಹೆಂಗಸು; ಚಿಕ್ಕಮ್ಮ ಎನ್ನುವ ಹಾಗೆ ನಾವು ಕಾಕು ಎನ್ನುವುದು. ಖಾನಾವಳಿಗಳಿಗೆ ಕಡಕ್ ರೊಟ್ಟಿ ಮಾಡಿಕೊಡುವವರು. ಕೈಚೀಲಕ್ಕೆ ಇನ್ನೂ ರೊಟ್ಟಿಯ ವಾಸನೆ ಇತ್ತು. ಅವರ ಗಂಡ, ಅಂದರೆ ಕಾಕಾ, ಸೀರೆಯ ದಡಿಗೆ ನಕ್ಷೆ ತೆಗೆಯುವವರು. ಸೀರೆಯ ಅಂಚಿಗೆ ನಮ್ಮ ಕಡೆ ದಡಿ ಎನ್ನುತ್ತೇವೆ. ಚೌಕಳಿ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ನಕ್ಷೆ ಬರೆಯುವುದು, ಅದನ್ನು ನೋಡಿ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುವುದು, ಆ ಪಟ್ಟಿಗಳ ಮಾಲೆಯನ್ನು ಮಗ್ಗದ ಮೇಲೆ, ತೂತಿನ ಪ್ರಕಾರ ಎಳೆ ಎತ್ತುವ ಜಕಾರ್ಡ್ ಯಂತ್ರಕ್ಕೆ ಏರಿಸುವುದು ಅವರ ಕಸುಬು. ಈಗ ಅವರಿಗೆ ಕೈ ನಡುಗುವ ರೋಗ ಹತ್ತಿತ್ತು. ಪೆನ್ಸಿಲ್ಲು ಚೌಕದೊಳಗೆ ನಿಲ್ಲುತ್ತಿರಲಿಲ್ಲ. ಕಂಪ್ಯೂಟರಿನಲ್ಲಾದರೆ ಒತ್ತಿದರೆ ಸಾಕು, ಚೌಕ ತಾನೇ ತುಂಬುತ್ತದೆ ಎಂದು ಯಾರೋ ಹೇಳಿದ್ದರಂತೆ. ಮನೆಯ ಎರಡು ಮಗ್ಗಗಳನ್ನು ಗುಜರಿಗೆ ಹಾಕಿ ಬಂದ ದುಡ್ಡು ಕಾಕುವಿನ ಸೆರಗಿನ ಗಂಟಿನಲ್ಲಿತ್ತು. ಎಲ್ಲವೂ ಅದರೊಳಗೇ ಆಗಬೇಕು ಎಂದರು.

ಮನೆ ನೋಡದೆ ನಾನು ಸಾಮಾನು ಹೇಳುವುದಿಲ್ಲ. ಪ್ಲಗ್ಗು ಎಲ್ಲಿದೆ, ಮೇಜು ಎಲ್ಲಿ ಹಾಕುತ್ತಾರೆ, ಧೂಳು ಎಷ್ಟಿದೆ ಎಂಬುದು ತಿಳಿಯದೆ ಕಟ್ಟಿಕೊಟ್ಟ ಕಂಪ್ಯೂಟರು ಮರಳಿ ಅಂಗಡಿಗೇ ಬರುತ್ತದೆ. ಹಾಗಾಗಿ ಮರುದಿನ ರಬಕವಿಗೆ ಹೋದೆ. ಉದ್ದನೆಯ ಮನೆ. ಮುಂದೆ ಪಡಸಾಲೆ, ಹಿಂದೆ ಒಲೆ, ನಡುವೆ ಮಗ್ಗದ ಜಾಗ. ನೆಲದಲ್ಲಿ ಬೋಲ್ಟು ಕಿತ್ತ ಗುಳಿಗಳು ಹಾಗೇ ಇದ್ದವು. ಅವುಗಳ ಸುತ್ತ ಎಣ್ಣೆಯ ಕಲೆ. ಗೋಡೆಯ ಮೊಳೆಗೆ ಒಂದು ಹಿಡಿ ನೂಲಿನ ತುದಿಗಳನ್ನು ಗಂಟುಹಾಕಿ ತೂಗುಬಿಟ್ಟಿದ್ದರು.

ಅದೇನು ಎಂದು ಕೇಳಬೇಕಾಗಿರಲಿಲ್ಲ, ಮಗ್ಗದ ಮನೆಯವಳಾದ ನನಗೆ ಗೊತ್ತಿತ್ತು. ಒಂದು ಹಾಸು, ಅಂದರೆ ಮಗ್ಗಕ್ಕೆ ಏರಿಸಿದ ಉದ್ದ ಎಳೆಗಳು, ನೇಯ್ದು ಮುಗಿದರೂ ಅದರ ತುದಿಯನ್ನು ಮಗ್ಗದಲ್ಲೇ ಉಳಿಸುತ್ತಾರೆ. ಹೊಸ ಹಾಸು ಬಂದಾಗ ಹೆಂಗಸರು ಬೆರಳಿಗೆ ಬೂದಿ ಹಚ್ಚಿಕೊಂಡು ಹಳೆಯ ಎಳೆಗೆ ಹೊಸ ಎಳೆಯನ್ನು ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಆ ಮನೆಯಲ್ಲಿ ಮದುವೆಯಾಗಿ ಬಂದಂದಿನಿಂದ ಕೆಚ್ಚುವ ಕೆಲಸ ಕಾಕುವಿನದು. ಗುಜರಿಯವನು ಬಂದು ತುದಿಗಳನ್ನು ಬ್ಲೇಡಿನಿಂದ ಕೊಯ್ದು ಎಸೆದನಂತೆ, ಕಾಕು ಆಯ್ದು ಮೊಳೆಗೆ ಕಟ್ಟಿದರಂತೆ. ಮಗ್ಗ ಬರಿದಾಗಬಾರದು ಎಂದು ಅವನಿಗೇನು ಗೊತ್ತು, ಎಂದು ಕಾಕು ಬೇಸರವನ್ನೂ ಮಾಡಿಕೊಳ್ಳದೆ ಹೇಳಿದರು. 

ಕಾಕಾ ಕುರ್ಚಿಯಲ್ಲಿ ಕುಳಿತಿದ್ದರು. ಮಗ್ಗದವರದು ಗಟ್ಟಿ ಗಂಟಲು. ಸದ್ದಿನ ಮೇಲೆ ಕೂಗಿ ಕೂಗಿ ಆ ರೂಢಿಯಾಗಿರುತ್ತದೆ. ಆದರೆ ರೋಗ ಅವರ ದನಿಯನ್ನೂ ತಿಂದುಬಿಟ್ಟಿತ್ತು. ಬಗ್ಗಿ ಕಿವಿಗೊಟ್ಟರಷ್ಟೇ ಕೇಳುತ್ತಿತ್ತು. ಅವರು ತೊಡೆಯ ಮೇಲಿದ್ದ ಹಳೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಯೊಂದನ್ನು ಬಿಚ್ಚಿ ತೋರಿಸಿದರು. ಅದರಲ್ಲಿ ಗೇಣುದ್ದದ ದಡಿಯ ತುಂಡು ಹೊಲಿದಿತ್ತು. ಕೆಂಪಿನ ಮೇಲೆ ಹಳದಿ ಚೌಕಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ, ಕೆಳಗೆ ನೀರಿನ ಒಂದು ಗೆರೆ. ವಯಸ್ಸಿನಲ್ಲಿದ್ದಾಗ ಕೃಷ್ಣೆಯ ಮೆಟ್ಟಿಲ ಮೇಲೆ ಕುಳಿತು ಕಟ್ಟಿದ ನಕ್ಷೆ ಅದು. ಹೊಳೆಗೂ ದಡ, ಸೀರೆಗೂ ದಡಿ ಎಂದು ಅದಕ್ಕೆ ಹೊಳಿದಡಿ ಎಂದು ಹೆಸರಿಟ್ಟಿದ್ದರು. ಕೆಲವೇ ಸೀರೆ ನೇಯ್ದದ್ದು. ರಟ್ಟಿನ ಪಟ್ಟಿಗಳನ್ನು ಇಲಿ ತಿಂದಿದ್ದವು, ಹಾಳೆ ನೀರು ಬಿದ್ದು ಹೋಗಿತ್ತು. ಉಳಿದದ್ದು ಕಾಕುವಿನ ಹರಿದ ಸೀರೆಯಿಂದ ಕೌದಿಗೆ ಹೋದ ಈ ತುಂಡು ಮಾತ್ರ.

"ಇದನ್ನ ಕಂಪ್ಯೂಟರನ್ಯಾಗ ಇಳಸಬೇಕವ್ವಾ," ಎಂದರು. "ಈಗ ಕಂಪ್ಯೂಟರ್ ಜಕಾರ್ಡ್ ಬಂದಾವು. ನಾ ಹ್ವಾದ ಮ್ಯಾಲೆ ಯಾರರ ಒಬ್ರು ನೇಯಲಿ. ಕೈ ಇನ್ನ ಒಂದಿಷ್ಟು ದಿನ ನನ್ನ ಮಾತ ಕೇಳತಾವು, ಆಮ್ಯಾಲೆ ಇಲ್ಲ."

ಅದೊಂದೇ ಅವರ ಆಸೆ. ಆ ಆಸೆಗೆ ಕೊಟ್ಟ ದುಡ್ಡಿನಲ್ಲಿ ಮೈ ಕಟ್ಟಿಕೊಡುವುದು ನನ್ನ ಕೆಲಸ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನನ್ನ ಕಸುಬಿನಲ್ಲಿ ಇನ್ನೊಂದು ಪ್ರಶ್ನೆ ಇದೆ: ಯಾವ ಕಾಲನ್ನು ಮೊದಲು ಚಾಚುವುದು? ಚೌಕ ತುಂಬುವ ಕೆಲಸಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡು ಹಾಕಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತಿತ್ತು. ಚಿತ್ರ ತೋರಿಸುವ ಶಕ್ತಿ ತನ್ನೊಳಗೇ ಇರುವ ಸಣ್ಣ ಪ್ರೊಸೆಸರ್ ಆರಿಸಿದೆ. ಮದರ್‌ಬೋರ್ಡು ಬಳಸಿದ್ದೇ, ಆದರೆ ನಾನೇ ಬಿಚ್ಚಿ ತೆಗೆದದ್ದು, ಅದರ ಗುಣ ನನಗೆ ಗೊತ್ತಿತ್ತು. ಹಾರ್ಡ್‌ಡಿಸ್ಕು ಕರಕರ ಎನ್ನುತ್ತದೆ, ಅದು ಬೇಡ. ತಿರುಗುವ ಭಾಗವಿಲ್ಲದ ಸಣ್ಣ ಎಸ್‌ಎಸ್‌ಡಿ ಸಾಕು. ರ‍್ಯಾಮ್ ಎರಡು ಕಡ್ಡಿ. ಕ್ಯಾಬಿನೆಟ್ಟಿನ ಒಂದು ಮಗ್ಗುಲು ತಗ್ಗಾಗಿತ್ತು, ಅದನ್ನು ಗೋಡೆಯ ಕಡೆ ತಿರುಗಿಸಿದರಾಯಿತು. ಆದರೆ ಪವರ್ ಸಪ್ಲೈ ಹೊಸದೇ ತಂದೆ. ಮಗ್ಗದ ಓಣಿಯಲ್ಲಿ ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿದರೆ ದೀಪ ಮಂಕಾಗಿ ಮತ್ತೆ ಏರುತ್ತದೆ. ಅಲ್ಲಿ ಉಳಿಸಿದ ದುಡ್ಡು ಉಳಿದ ಎಲ್ಲ ಸಾಮಾನನ್ನು ಸುಡುತ್ತದೆ. ಹಳೆಯ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿದೆ.

ಹೆಚ್ಚು ತಲೆ ಕೆಡಿಸಿದ್ದು ಮಾನಿಟರ್. ಕಾಕಾನಿಂದ ಕೌದಿಯನ್ನೇ ಕೇಳಿ ತಂದು, ಅಂಗಡಿಯಲ್ಲಿದ್ದ ಹಳೆಯ ಮಾನಿಟರುಗಳನ್ನೆಲ್ಲ ಸಾಲಾಗಿ ಹಚ್ಚಿ, ಪರದೆಯ ಮೇಲೆ ಅದೇ ಕೆಂಪು, ಅದೇ ಹಳದಿ ತುಂಬಿ, ಒಂದೊಂದರ ಮುಂದೆ ದಡಿಯನ್ನು ಹಿಡಿದು ನೋಡಿದೆ. ಅಗ್ಗದವುಗಳಲ್ಲಿ ಆ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ತಲೆ ಸ್ವಲ್ಪ ಆಚೆ ಸರಿಸಿದರೆ ಹಳದಿ ಬೆಳ್ಳಗಾಗುತ್ತಿತ್ತು. ಕೊನೆಗೆ ಮೂಲೆಯಲ್ಲಿ ಗೀರು ಬಿದ್ದ ಒಂದರಲ್ಲಿ ಕೆಂಪು ಕೆಂಪಾಗಿಯೇ ಕಂಡಿತು. ದುಡ್ಡಿನ ದೊಡ್ಡ ಪಾಲು ಅದಕ್ಕೆ ಹೋಯಿತು. ಉಳಿದದ್ದರಲ್ಲಿ ದೊಡ್ಡ ರೆಕ್ಕೆಯ, ನಿಧಾನ ತಿರುಗುವ ಫ್ಯಾನು ಮತ್ತು ಒತ್ತಿದರೆ ಉಸಿರೂ ಬಿಡದ ಮೆತ್ತನೆಯ ಕೀಬೋರ್ಡು. ಕಾಯಿಲೆಯವರ ಮನೆ, ಶಾಂತವಾಗಿರಲಿ ಎಂದು ಇವೆರಡನ್ನೂ ಅಕ್ಕರೆಯಿಂದ ಆರಿಸಿದ್ದೆ.

ಜೋಡಿಸಿ ಒಯ್ದ ದಿನವೇ ಸೋಲು ಕಾದಿತ್ತು. ಮೌಸು ಅವರ ಕೈಯಲ್ಲಿ ನಿಲ್ಲಲಿಲ್ಲ. ಒಂದು ಚೌಕ ಒತ್ತಿದರೆ ಸುತ್ತಲಿನ ನಾಲ್ಕಾರು ತುಂಬುತ್ತಿದ್ದವು. ಬಾಣದ ವೇಗ ಕಡಿಮೆ ಮಾಡಿದೆ, ಚೌಕ ದೊಡ್ಡದು ಮಾಡಿದೆ, ಮಣಿಕಟ್ಟಿನ ಕೆಳಗೆ ಮರಳಿನ ಚೀಲ ಇಟ್ಟೆ. ಕೈ ಇನ್ನೂ ಹೆಚ್ಚು ನಡುಗಿತು. ಎದುರಿಗೆ ನಾನು ನಿಂತಿದ್ದೆನಲ್ಲ, ನಾಚಿಕೆಗೂ ಇರಬೇಕು. ಬೇಡ ಬಿಡವ್ವಾ, ನೀನು ಒಯ್ದುಬಿಡು ಎಂದು ಅವರು ಮುಖ ಆಚೆ ತಿರುಗಿಸಿದರು. ಮಗ್ಗ ಮಾರಿ ತಂದ ವಸ್ತುವನ್ನು ಒಯ್ದುಬಿಡು ಎನ್ನುವಾಗ ಆ ಮುಖ ನೋಡಲಾಗಲಿಲ್ಲ.

ಮಿಷನ್ ಹೊತ್ತು ಅಂಗಡಿಗೆ ಬಂದು, ಕುಳಿತು ಯೋಚಿಸಿದೆ. ಮೌಸೇ ಬೇಡವೆಂದರೆ? ಲೆಕ್ಕ ಬರೆಯುವ ಸ್ಪ್ರೆಡ್‌ಶೀಟ್ ಎಂಬುದೂ ಚೌಕಳಿ ಹಾಳೆಯೇ ಅಲ್ಲವೇ? ಅದರ ಮನೆಗಳನ್ನು ಸಣ್ಣ ಚೌಕಗಳಾಗಿ ಕುಗ್ಗಿಸಿದೆ. ಒಂದು ಎಂದು ಒತ್ತಿದರೆ ಮನೆ ಕೆಂಪಾಗಬೇಕು, ಎರಡು ಎಂದು ಒತ್ತಿದರೆ ಹಳದಿ, ಹಾಗೆ ನಿಯಮ ಬರೆದೆ. ಬಾಣದ ಗುರುತಿನ ಕೀಲಿಗಳಿಂದ ಮುಂದಿನ ಮನೆಗೆ ಹೋಗುವುದು. ಕೈ ನಡುಗಿ ಒಂದೇ ಕೀಲಿ ತಟ್ಟನೆ ಎರಡು ಸಲ ಬಿದ್ದರೆ ಎರಡನೆಯದನ್ನು ಬಿಟ್ಟುಬಿಡು ಎಂದು ಕಂಪ್ಯೂಟರಿಗೆ ಹೇಳುವ ಸೌಲಭ್ಯ ಅದರಲ್ಲೇ ಇರುತ್ತದೆ. ಅದನ್ನೂ ಚಾಲೂ ಮಾಡಿದೆ. ಮರಳಿ ಒಯ್ದು ಇಟ್ಟಾಗ ಕಾಕಾ ನಿಧಾನವಾಗಿ ಒತ್ತಿದರು. ಒಂದು ಚೌಕ, ಒಂದೇ ಚೌಕ, ಕೆಂಪಾಯಿತು. ಇನ್ನೊಂದು. ಅಡ್ಡ ಹೋದರೆ ಹಾಸಿನ ಮುಂದಿನ ಎಳೆ, ಕೆಳಗೆ ಇಳಿದರೆ ಹೊಕ್ಕಿನ ಮುಂದಿನ ಎಳೆ ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ಬೀಗಿಕೊಂಡೇ ಮನೆಗೆ ಬಂದೆ.

ಕೆಲವು ದಿನ ಕಳೆದ ಮೇಲೆ ಕಾಕು ಮತ್ತೆ ಅಂಗಡಿಗೆ ಬಂದರು. ಮಿಷನ್ ಚಲೋ ಇದೆ, ಆದರೆ ಸಪ್ಪಳವೇ ಇಲ್ಲ, ಸಪ್ಪಳ ಮಾಡುವುದು ಹಾಕಿಕೊಡು ಎಂದರು. ನನಗೆ ನಗು ಬಂತು. ಜನ ಸದ್ದಿಲ್ಲದ್ದು ಕೇಳಿಕೊಂಡು ಬರುತ್ತಾರೆ, ನೀವೊಬ್ಬರು ತಿರುವು ಮುರುವು ಎಂದೆ. ಅವರು ನಗಲಿಲ್ಲ. ಹಿಂದಿನ ದಿನ ಕಾಕಾ ಕುರ್ಚಿಯಿಂದ ಜಾರಿ ಬಿದ್ದಿದ್ದರು. ಕೂಗಿದರೆ ದನಿ ಹೊರಡುವುದಿಲ್ಲ. ಕಾಕು ಹಿಂದಿನ ಕೋಣೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಅವರು ಬುಟ್ಟಿ ತುಂಬಿಸಿ ಚಹಾ ಹಿಡಿದು ಬರುವತನಕ ಕಾಕಾ ನೆಲದ ಮೇಲೆ, ಆ ಬೋಲ್ಟಿನ ಗುಳಿಗಳ ನಡುವೆ, ರೊಟ್ಟಿಯ ಸದ್ದು ಕೇಳುತ್ತ ಮಲಗಿದ್ದರು.

"ಮಗ್ಗದ ಮನ್ಯಾಗ ನಾವು ಸಪ್ಪಳಾ ಕೇಳಾಂಗಿಲ್ಲವ್ವಾ," ಎಂದರು ಕಾಕು. "ಸಪ್ಪಳಾ ನಿಂತದ್ದ ಕೇಳತೇವಿ. ನಿಂತ್ರ ಎಳಿ ಹರದೈತಿ ಅಂತ. ಒಲಿ ಮುಂದ ಇದ್ರೂ ಎದ್ದ ಓಡತೇವಿ. ಈಗ ಮನಿ ಯಾವಾಗ್ಲೂ ನಿಂತಂಗ ಐತಿ. ಎಳಿ ಹರದದ್ದು ನನಗ ಹೆಂಗ ತಿಳೀಬೇಕು?"

 ನಮ್ಮ ಅವ್ವನೂ ಹೀಗೇ, ಹಿಟ್ಟಿನ ಕೈಯಲ್ಲೇ ಎದ್ದು ಓಡುತ್ತಿದ್ದಳು. ಹುಟ್ಟಿನಿಂದ ಕೇಳಿದ್ದ ಸದ್ದಿನ ಅರ್ಥ ನನಗೆ ಅಂದು ತಿಳಿಯಿತು.

ಪಕ್ಕದ ಮನೆಯವರ ಕಂಪ್ಯೂಟರು ಗಿರಣಿಯಂತೆ ಗುಂಯ್‌ಗುಡುತ್ತದೆ, ಅಂಥ ಫ್ಯಾನು ಹಾಕು ಎಂಬುದು ಕಾಕುವಿನ ಬೇಡಿಕೆ. ಅದು ಸುಲಭ, ಗುಜರಿ ಡಬ್ಬಿಯಲ್ಲಿ ಬೇಕಾದಷ್ಟಿದ್ದವು. ಒಂದನ್ನು ತೆಗೆದು, ಧೂಳು ಊದಿ, ತಂತಿ ಹಚ್ಚಿ ತಿರುಗಿಸಿಯೂ ನೋಡಿದೆ. ಭರ್ಜರಿ ಸದ್ದು. ಕೈಯಲ್ಲಿ ತಿರುಗುತ್ತಿದ್ದ ಅದರ ತಂತಿಯನ್ನು ತಟ್ಟನೆ ಕಿತ್ತೆ. ಮನುಷ್ಯ ಕುರ್ಚಿಯಲ್ಲಿರಲಿ, ನೆಲದ ಮೇಲಿರಲಿ, ಫ್ಯಾನು ತಿರುಗುತ್ತಲೇ ಇರುತ್ತದೆ. ಕಾಕು ಒಲೆಯ ಮುಂದೆ ಆ ಸದ್ದು ನಂಬಿಕೊಂಡು ಕುಳಿತಿರುತ್ತಾರೆ. ಎಳೆ ಹರಿದಾಗ ನಿಲ್ಲದ ಸಪ್ಪಳ ಎಂಥ ಸಪ್ಪಳ? ಸದ್ದು ಬರುವುದಾದರೆ ಅವರ ಬೆರಳಿನಿಂದಲೇ ಬರಬೇಕು. ಫ್ಯಾನು ಇನ್ನಷ್ಟು ಸುಮ್ಮನಿರಬೇಕು, ಇಲ್ಲದಿದ್ದರೆ ಬೆರಳಿನ ಸದ್ದನ್ನು ಅದೇ ಮುಚ್ಚಿಹಾಕುತ್ತದೆ.

ಸದ್ದು ಮಾಡುವ ಕೀಬೋರ್ಡುಗಳನ್ನು ನಾನು ಅಂಗಡಿಯಲ್ಲಿ ಇಟ್ಟವಳೇ ಅಲ್ಲ. ಜಮಖಂಡಿಯಲ್ಲಿ ಹುಡುಗರು ಕಂಪ್ಯೂಟರಿನಲ್ಲಿ ಆಟವಾಡುವ ಸೆಂಟರೊಂದು ಮುಚ್ಚಿ, ಸಾಮಾನು ಮಾರಾಟಕ್ಕಿದೆ ಎಂದು ಕೇಳಿದ್ದೆ. ಬಸ್ಸು ಹತ್ತಿ ಹೋದೆ. ಅಲ್ಲಿ ಪ್ರತಿ ಕೀಲಿಯ ಕೆಳಗೂ ಪ್ರತ್ಯೇಕ ಸ್ಪ್ರಿಂಗು, ಪ್ರತ್ಯೇಕ ಸ್ವಿಚ್ಚು ಇರುವ ಗಟ್ಟಿ ಕೀಬೋರ್ಡುಗಳು ರಾಶಿ ಬಿದ್ದಿದ್ದವು. ನೀಲಿ ಸ್ವಿಚ್ಚಿನವು ಒತ್ತಿದಾಗ ಖಟ್ ಎನ್ನುತ್ತವೆ. ಕಣ್ಣು ಮುಚ್ಚಿ ಒಂದೊಂದನ್ನೂ ಒತ್ತಿ ನೋಡಿದೆ. ಎಷ್ಟೋ ವರ್ಷ ದೂರವಿಟ್ಟ ಸದ್ದನ್ನು ಹೀಗೆ ಹುಡುಕಿಕೊಂಡು ಕುಳಿತಿದ್ದೇನಲ್ಲ ಎಂದು ನನಗೇ ವಿಚಿತ್ರ ಎನಿಸಿತು. ಬಾಣದ ಕೀಲಿಗಳು ಸವೆಯದ ಒಂದು ಸಿಕ್ಕಿತು. ಕಾಕುವಿನ ಗಂಟಿನಲ್ಲಿ ಏನೂ ಉಳಿದಿರಲಿಲ್ಲ. ಹಾಗಾಗಿ ಅವರ ಕಂಪ್ಯೂಟರಿನಿಂದ ರ‍್ಯಾಮಿನ ಒಂದು ಕಡ್ಡಿ ಕಿತ್ತು ಬದಲಿಗೆ ಕೊಡುವ ಮಾತಾಯಿತು. ಚೌಕ ತುಂಬುವ ಕೆಲಸಕ್ಕೆ ಒಂದು ಕಡ್ಡಿ ಸಾಕು. ಮಿಷನ್ ಶುರುವಾಗಲು ಸ್ವಲ್ಪ ತಡವಾಗುತ್ತದೆ, ಆಗಲಿ.

ಕೀಬೋರ್ಡನ್ನು ರಬಕವಿಗೆ ಒಯ್ದು ಹಚ್ಚಿ, ಕಾಕುವನ್ನು ಒಲೆಯ ಮುಂದೆ ಕೂರಿಸಿ, ರೊಟ್ಟಿ ಬಡಿಯಿರಿ ಎಂದು ಹೇಳಿ, ನಾನು ಮಗ್ಗದ ಜಾಗದಲ್ಲಿ ನಿಂತು ಕೀಲಿ ಒತ್ತಿದೆ. ಒಳಗಿನಿಂದ, ಕೇಳುತ್ತದೆ ಎಂದರು. ಮೇಜನ್ನು ಗೋಡೆಗೆ ತಾಗಿಸಿ ಮತ್ತೆ ಒತ್ತಿದೆ. ಈಗ ಇನ್ನೂ ಚೆನ್ನಾಗಿ ಕೇಳುತ್ತದೆ ಎಂದರು. ಮೇಜು ಅಲ್ಲೇ ಉಳಿಯಿತು. ಕಾಕಾ ಇದನ್ನೆಲ್ಲ ನೋಡುತ್ತ ಕುಳಿತಿದ್ದರು. ಅವರಿಗೆ ಗುಟ್ಟು ತಿಳಿಯದೆ ಇರುತ್ತದೆಯೇ?

"ಎಮ್ಮಿ ಕೊಳ್ಳಾಗ ಗಂಟಿ ಕಟ್ಟಿದಂಗ ಆತಲ್ಲ," ಎಂದು ಪಿಸುಗುಟ್ಟಿದರು. "ಕಟ್ಟರಿ. ಈ ಎಮ್ಮಿ ಹೇಳದ ಹೋಗಾಂಗಿಲ್ಲ."

ಕಾಕು ಒಳಗಿನಿಂದ ಏನಂದಿರಿ ಎಂದು ಕೇಳಿದರು. ಏನಿಲ್ಲ ಎಂದೆ.

ಮಳೆಗಾಲ ಬಂತು. ಹೊಳೆ ತುಂಬಿತು, ಇಳಿಯಿತು. ಕಾಕಾ ಕೌದಿಯನ್ನು ಮೇಜಿನ ಮೇಲೆ ಹರಡಿಕೊಂಡು, ಭೂತಗನ್ನಡಿಯಲ್ಲಿ ಎಳೆ ಎಣಿಸಿ, ಒಂದೊಂದೇ ಮೆಟ್ಟಿಲನ್ನು ಪರದೆಗೆ ಇಳಿಸುತ್ತಿದ್ದರು. ಕೆಲವು ದಿನ ಒಂದು ಸಾಲು, ಕೆಲವು ದಿನ ಅದೂ ಇಲ್ಲ. ನಾನು ಆ ಓಣಿಯಲ್ಲಿ ಹೋದಾಗ ಬಾಗಿಲ ಹೊರಗೇ ನಿಂತು ಕೇಳುತ್ತಿದ್ದೆ. ಖಟ್. ಬಹಳ ಹೊತ್ತು ಬಿಟ್ಟು ಇನ್ನೊಂದು ಖಟ್. ಹಿಂದಿನಿಂದ ರೊಟ್ಟಿಯ ಸದ್ದು. ಎರಡೂ ಒಂದಕ್ಕೊಂದು ಕಿವಿಗೊಟ್ಟುಕೊಂಡಿದ್ದವು. ಒಮ್ಮೆ ಕಾಕಾ ಕನ್ನಡಕ ಒರೆಸಲು ನಿಲ್ಲಿಸಿದಾಗ ಕಾಕು ಹಿಟ್ಟಿನ ಕೈಯಲ್ಲಿ ಓಡಿ ಬಂದದ್ದನ್ನು, ಕಾಕಾ ಬೈದದ್ದನ್ನು ನಾನೇ ನೋಡಿದ್ದೇನೆ. ಬೈಗುಳವೂ ಕೇಳಿಸದಷ್ಟು ದನಿ ಹೋಗಿತ್ತು, ತುಟಿ ಮಾತ್ರ ಆಡಿತು.

ದಸರೆಯ ಮುಂಚೆ ಯುಪಿಎಸ್ ನೋಡಲು ಹೋಗಿದ್ದೆ. ಮೆಟ್ಟಿಲುಗಳೆಲ್ಲ ಮುಗಿದಿದ್ದವು. ಕೆಳಗಿನ ನೀರಿನ ಗೆರೆ ಒಂದೇ ಬಾಕಿ. ಕಾಕಾ ಪರದೆಯ ಕಡೆ ಬೆರಳು ತೋರಿಸಿ, ಹೊಳೆಗೆ ಇಳಿದುಬಿಟ್ಟೆ ನೋಡು ಎಂದರು. ಅವರ ಮುಖದಲ್ಲಿ ಅಷ್ಟು ಗೆಲುವನ್ನು ನಾನು ಮತ್ತೆ ನೋಡಲಿಲ್ಲ.

ಒಂದು ಮಧ್ಯಾಹ್ನ ಯಾರದೋ ಪ್ರಿಂಟರ್ ಬಿಚ್ಚಿಕೊಂಡು ಕುಳಿತಿದ್ದಾಗ ಕಾಕುವಿನ ಫೋನ್ ಬಂತು.

"ಯವ್ವಾ, ಸಪ್ಪಳಾ ನಿಂತೈತಿ."

ನನ್ನ ಬುದ್ಧಿ ಕಸುಬಿನ ಬುದ್ಧಿ. ಕೀಬೋರ್ಡು ಕೆಟ್ಟಿದೆಯೇ ಎಂದು ಕೇಳಿದೆ.

"ಇಲ್ಲವ್ವಾ," ಎಂದರು. "ಕೀಬೋರ್ಡ ಚಲೋ ಐತಿ."

ಅಂಗಡಿಯ ಬಾಗಿಲನ್ನು ಎಳೆದುಕೊಂಡೆನೋ ಇಲ್ಲವೋ ನೆನಪಿಲ್ಲ. ಹೋಗುವಷ್ಟರಲ್ಲಿ ಓಣಿಯ ಜನ ಸೇರಿದ್ದರು. ಕಾಕು ನೆಲದ ಮೇಲೆ ಕುಳಿತಿದ್ದರು, ಕಾಕಾನ ತಲೆ ಅವರ ತೊಡೆಯ ಮೇಲಿತ್ತು. ಸದ್ದು ನಿಂತ ಕೂಡಲೇ ಅವರು ಎದ್ದು ಬಂದಿದ್ದರಂತೆ. ಕಾಕಾ ಇನ್ನೂ ಕುರ್ಚಿಯಲ್ಲೇ ಇದ್ದರು, ಕಣ್ಣು ತೆರೆದಿತ್ತು. ಇಳಿಸಿ ಮಲಗಿಸಿಕೊಂಡು ಬಾಯಿಗೆ ನೀರು ಬಿಟ್ಟರೆ ಗುಟುಕು ಇಳಿಯಿತಂತೆ, ಕಾಕುವಿನ ಕೈ ಹಿಡಿದುಕೊಂಡರಂತೆ. ನೆರೆಯವರು ಆಟೋ ತರುವಷ್ಟರಲ್ಲಿ ಮುಗಿದಿತ್ತು. ಕಾಕಾನ ಅಂಗಿಯ ತೋಳಿನ ಮೇಲೆ ಜೋಳದ ಹಿಟ್ಟಿನ ಬೆರಳ ಗುರುತುಗಳಿದ್ದವು. ನಾನು ಅತ್ತೆ. ಗಿರಾಕಿಯ ಮನೆಯಲ್ಲಿ ನಾನು ಅತ್ತದ್ದು ಅದೊಂದೇ ಸಲ.

ಮಣ್ಣು ಕೊಟ್ಟ ಮರುದಿನ ಕಾಕು ನನ್ನನ್ನು ಕರೆಸಿದರು. ಮಿಷನ್ ಅಂದಿನಿಂದ ಹಾಗೇ ಚಾಲೂ ಇತ್ತು; ಅದನ್ನು ಹೇಗೆ ಬಂದ್ ಮಾಡುವುದೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಮುಟ್ಟಲು ಮನಸ್ಸೂ ಬಂದಿರಲಿಲ್ಲ. ಪರದೆ ಕತ್ತಲಾಗಿತ್ತು. ಒಂದು ಕೀಲಿ ಒತ್ತಿದೆ. ಆ ಖಟ್ ಸದ್ದಿಗೆ ಒಳಗಿದ್ದ ಕಾಕು ದಡಬಡಿಸಿ ಬಾಗಿಲಿಗೆ ಬಂದು, ನನ್ನನ್ನು ನೋಡಿ, ಚೌಕಟ್ಟು ಹಿಡಿದು ನಿಂತರು. ಬೇರೆ ಕೀಲಿ ಒತ್ತಲು ನನಗೆ ಧೈರ್ಯ ಸಾಲಲಿಲ್ಲ, ಮೌಸು ಹಚ್ಚಿಕೊಂಡೆ.

ಪರದೆಯ ಮೇಲೆ ಹೊಳಿದಡಿ ಇತ್ತು. ನೀರಿನ ಗೆರೆ ಅರ್ಧ ದಾಟಿ ನಿಂತಿತ್ತು. ನೇರ ಗೆರೆ, ಒಂದೇ ಬಣ್ಣ; ಉಳಿದ ಚೌಕಗಳನ್ನು ತುಂಬಲು ಬುದ್ಧಿಯೇ ಬೇಕಿರಲಿಲ್ಲ, ಎಳೆದರೆ ಮುಗಿಯುತ್ತಿತ್ತು. ಮುಗಿಸಿಬಿಡಲೇ ಎಂದು ಕಾಕುವನ್ನು ಕೇಳಿದೆ. ಮುಗಿದ ನಕ್ಷೆಯನ್ನು ಯಾರಾದರೂ ಜಕಾರ್ಡಿನವರಿಗೆ ತೋರಿಸುವೆ, ಕಾಕಾನ ಆಸೆ ಅದೇ ತಾನೇ ಎಂದೂ ಹೇಳಿದೆ.

ಕಾಕು ಹತ್ತಿರ ಬಂದು ಪರದೆ ನೋಡಿದರು. ಗೆರೆ ನಿಂತಲ್ಲಿ ಬೆರಳಿಟ್ಟರು. ಆಮೇಲೆ ಮೊಳೆಗೆ ತೂಗುಬಿಟ್ಟ ನೂಲಿನ ತುದಿಗಳ ಕಡೆ ನೋಡಿದರು.

"ಬ್ಯಾಡವ್ವಾ. ತೋರಸೂದಿದ್ರ ಹಿಂಗ ತೋರಸು. ತುದಿ ಬಿಟ್ಟ ಹೋಗ್ಯಾರ. ನೇಯಾವ್ರು ಬಂದ್ರ ಅವ್ರ ಕೆಚ್ಚಕೋತಾರ."

 ಇದ್ದದ್ದು ಇದ್ದ ಹಾಗೆ ಉಳಿಸಿ, ಪೆನ್‌ಡ್ರೈವಿಗೆ ಒಂದು ಪ್ರತಿ ತೆಗೆದುಕೊಂಡು, ಬಂದ್ ಮಾಡುವ ಗುಂಡಿ ಒತ್ತಿದೆ. ಪರದೆ ಆರಿತು. ನಾನೇ ಆರಿಸಿ ತಂದ ಆ ದೊಡ್ಡ ರೆಕ್ಕೆಯ ಫ್ಯಾನು ಇನ್ನೂ ಒಂದೆರಡು ಸುತ್ತು ತಿರುಗಿ ನಿಂತಿರಬೇಕು. ಕಾಕು ತಲೆ ವಾರೆ ಮಾಡಿ ಕಿವಿಗೊಟ್ಟು ನಿಂತೇ ಇದ್ದರು.

"ಬಂದ್ ಆತೇನವ್ವಾ?" ಎಂದು ಕೇಳಿದರು.

"ಆತ್ರಿ ಕಾಕು," ಎಂದೆ.